ದಡಿ ಬಿಡದ ಸೀರೆ, ತಡವಾಗಿ ಬಂದ ಹೊಲಿಗೆ ಮಷಿನ್

ಪ್ರಶ್ನೆ: ನಮ್ಮ ಹಳೇ ಮನೆಯ ಅಟ್ಟದ ಮೇಲೆ ಸಿಂಗರ್ ಕಂಪನಿಯ ಹೊಲಿಗೆ ಮಷಿನ್ ಒಂದಿದೆ. ಅದು ವಿಕ್ಟೋರಿಯಾ ರಾಣಿ ಕಾಲದ್ದು ಅಂತ ಅಜ್ಜಿ ಹೇಳುತ್ತಿದ್ದರು. ನಿಜ ಇರಬಹುದೇ? ಆ ಕಾಲದಲ್ಲಿ ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ನಮ್ಮ ಮಂದಿ ಅರಿವೆ ಎಲ್ಲಿ ಕೊಳ್ಳುತ್ತಿದ್ದರು? ಯಾರ ಕಡೆ ಹೊಲಿಸುತ್ತಿದ್ದರು? ಮಷಿನ್ ಕೊಳ್ಳುವಷ್ಟು ರೊಕ್ಕ ಯಾರ ಹತ್ತಿರ ಇತ್ತು?
— ಅಕ್ಕಲಕೋಟೆ ತಾಲೂಕಿನ ಓದುಗರೊಬ್ಬರು

ಉತ್ತರ: ಮಷಿನ್ನಿನ ವಯಸ್ಸನ್ನು ನೀವೇ ಕಂಡುಹಿಡಿಯಬಹುದು, ಅದನ್ನು ಮೊದಲು ಹೇಳಿಬಿಡುತ್ತೇನೆ. ಧೂಳು ಒರೆಸಿ, ಗಾಲಿ ಇರುವ ಬಲಬದಿಯಲ್ಲಿ ತಳದ ಕಬ್ಬಿಣದ ಮೇಲೆ ನೋಡಿ. ಅಲ್ಲೊಂದು ನಂಬರು ಒತ್ತಿರುತ್ತಾರೆ. ಬರೀ ಅಂಕಿಗಳಿದ್ದು, ಅವುಗಳ ಮುಂದೆ ಇಂಗ್ಲಿಷ್ ಅಕ್ಷರ ಇಲ್ಲದಿದ್ದರೆ ಮಷಿನ್ 1900ಕ್ಕಿಂತ ಹಿಂದಿನದು, ಅಜ್ಜಿಯ ಮಾತು ನಿಜ. ಅಕ್ಷರ ಇದ್ದರೆ 1900ರದು ಅಥವಾ ಅದರ ಈಚಿನದು. ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿ 22ರಂದು. ಹಾಗಾಗಿ ಅಕ್ಷರವಿರುವ ಮಷಿನ್ನುಗಳಲ್ಲಿ ಹೆಚ್ಚಿನವು ಆಕೆಯ ಮಗನ, ಮೊಮ್ಮಗನ ಕಾಲದವು. ಒಳಗಿನ ಶಟಲ್ ನೋಡಿ ವಯಸ್ಸು ಕಟ್ಟಲು ಹೋಗಬೇಡಿ. ಉದ್ದನೆಯ, ದೋಣಿಯಾಕಾರದ ಶಟಲ್ ಇದ್ದರೆ ನೂರಾರು ವರ್ಷ ಹಳೆಯದು ಎಂದು ಹಳೇ ಸಾಮಾನು ಮಾರುವವರು ಬೆಲೆ ಏರಿಸುತ್ತಾರೆ. ಅಂಥ ಮಷಿನ್ನುಗಳನ್ನು ಸಿಂಗರ್ ಕಂಪನಿ ಇಪ್ಪತ್ತನೆಯ ಶತಮಾನದಲ್ಲೂ ಬಹಳ ವರ್ಷ ಮಾಡಿದೆ. ನಂಬರನ್ನೇ ನಂಬಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ವಿಕ್ಟೋರಿಯಾ ಆಳಿದ್ದು 1837ರಿಂದ 1901ರವರೆಗೆ. ಆ ಕಾಲದ ಇಂಗ್ಲೆಂಡಿನ ಹೆಣ್ಣುಮಗಳಿಗೆ ಉಡುಪು ಎಂದರೆ ಮೊದಲಿನಿಂದ ಕೊನೆಯವರೆಗೂ ಹೊಲಿಗೆಯೇ. ನಡುವಿಗೆ ಬಿಗಿ, ಕೆಳಗೆ ಘೇರು, ತೋಳಿಗೆ ನೆರಿಗೆ. ಒಂದು ಉಡುಪಿಗೆ ದಿನಗಟ್ಟಲೆ ಸೂಜಿ ಹಿಡಿಯಬೇಕು. ಅಮೆರಿಕದಲ್ಲಿ 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಆ ದೇಶಗಳ ಮನೆಗಳು ಅದಕ್ಕೆ ಕಾಯ್ದು ನಿಂತಿದ್ದವು. ನಮ್ಮ ಕಡೆ ಹಾಗಿರಲಿಲ್ಲ. ಹೆಣ್ಣುಮಕ್ಕಳು ಉಡುವ ಹದಿನಾರು, ಹದಿನೆಂಟು ಮೊಳದ ಸೀರೆಗೆ ಒಂದು ಎಳೆ ಹೊಲಿಗೆಯೂ ಬೇಡ. ಗಂಡಸರ ಧೋತರಕ್ಕೆ, ತಲೆಯ ರುಮಾಲಿಗೆ, ಹೆಗಲ ಕಂಬಳಿಗೆ ಬೇಡ. ಮಗ್ಗದಿಂದ ಇಳಿದದ್ದೇ ಉಡುಪು. ಸೂಜಿ ದಾರ ಬೇಕಾದದ್ದು ಹೆಂಗಸರ ಕುಬಸಕ್ಕೆ, ಗಂಡಸರ ಅಂಗಿಗೆ, ಕೂಸಿನ ಕುಂಚಿಗೆ ಕುಲಾವಿಗೆ, ಹಳೆಯದೆಲ್ಲ ಸೇರಿ ಆಗುವ ಕೌದಿಗೆ. ಆದ್ದರಿಂದ ನಿಮ್ಮ ಮುತ್ತಜ್ಜಿಯ ಕಾಲದಲ್ಲಿ ಜವಳಿ ಕೊಳ್ಳುವುದು ಎಂದರೆ ನೇಕಾರನ ಕೈಕೆಲಸ ಕೊಳ್ಳುವುದು. ಸಿಂಪಿಗನಿಗೆ ಅದರಲ್ಲಿ ಸಣ್ಣ ಪಾಲು.

ಆಗ ನಿಮ್ಮ ಊರು, ನಮ್ಮ ಪೇಟೆ ಎರಡು ಆಡಳಿತಗಳಲ್ಲಿ ಇದ್ದವು. 1818ರಲ್ಲಿ ಸೊಲ್ಲಾಪುರ ಬ್ರಿಟಿಷರ ಕೈಗೆ ಬಂತು. ಅಕ್ಕಲಕೋಟೆ ಭೋಸಲೆಯವರ ಸಂಸ್ಥಾನವಾಗಿಯೇ ಉಳಿಯಿತು. ಸೊಲ್ಲಾಪುರದ ಕಲೆಕ್ಟರನೇ ಅದರ ಪೊಲಿಟಿಕಲ್ ಏಜೆಂಟ್. 1901ರ ಜನಗಣತಿಯಲ್ಲಿ ಸಂಸ್ಥಾನದಲ್ಲಿ ಸುಮಾರು 82 ಸಾವಿರ ಜನ, ಸೊಲ್ಲಾಪುರ ಪಟ್ಟಣವೊಂದರಲ್ಲೇ 75 ಸಾವಿರಕ್ಕೂ ಮೇಲೆ. ಅಕ್ಕಲಕೋಟೆಯಲ್ಲೂ ಸೀರೆ, ರುಮಾಲು, ಒರಟು ಅರಿವೆ ನೇಯುವವರಿದ್ದರು. ದಿನಬಳಕೆಯದು ಅಲ್ಲೇ ಸಂತೆಯಲ್ಲಿ ಸಿಗುತ್ತಿತ್ತು. 1857ರ ಆಸುಪಾಸಿನಿಂದ 1878ರವರೆಗೆ ಸ್ವಾಮಿ ಸಮರ್ಥರು ಅಲ್ಲಿದ್ದುದರಿಂದ ದೂರದ ಭಕ್ತರೂ ಬಂದು ಹೋಗುತ್ತಿದ್ದರು, ಪೇಟೆಗೆ ಅದರ ಚೇತನ ಇತ್ತು. ಆದರೂ ಮದುವೆಯ ಜವಳಿ ಎಂದರೆ ಬಂಡಿ ಹೂಡಿಕೊಂಡು ಸೊಲ್ಲಾಪುರದ ಹಾದಿ ಹಿಡಿಯುವುದೇ.

ಸೊಲ್ಲಾಪುರದಲ್ಲಿ ಹಳೇ ವ್ಯಾಪಾರವೆಲ್ಲ ಪೇಟೆಗಳಲ್ಲಿ. ಮಂಗಳವಾರ ಪೇಟೆ, ಮಧಲಾ ಮಾರುತಿಯ ಸುತ್ತಿನ ಓಣಿಗಳು, ಇವತ್ತಿಗೂ ಅರಿವೆ ಅಂಗಡಿಗಳಿಂದ ತುಂಬಿರುವ ಚಾಟಿ ಗಲ್ಲಿ — ಹೆಸರು ಹೇಳಿದರೆ ಸಾಕು, ನಿಮಗೆ ದಾರಿ ಗೊತ್ತು. ಅಂಗಡಿಗೆ ಕೂಗಳತೆ ದೂರದಲ್ಲೇ ನೇಕಾರರ ಮನೆಗಳು. ತೆಲುಗು ಮಾತಿನ ಪದ್ಮಸಾಲಿಗಳು, ಮರಾಠಿ ಮಾತಿನ ಕೋಷ್ಟಿ, ಸಾಳಿಗಳು, ಕನ್ನಡ ಮಾತಿನ ಕುರುಹಿನಶೆಟ್ಟಿ, ಹಟಗಾರರು, ಉರ್ದು ಮಾತಿನ ಮೋಮಿನರು, ಎಲ್ಲರ ಮನೆಯಲ್ಲೂ ಕುಣಿ ಮಗ್ಗ. ಬೆಳಗಿನ ಹೊತ್ತು ಓಣಿಯ ಉದ್ದಕ್ಕೂ ಹಾಸು ಹೂಡಿ, ಎಳೆಗಳಿಗೆ ಗಂಜಿ ಹಚ್ಚಿ, ಇಬ್ಬರು ಎದುರುಬದುರು ನಿಂತು ಉದ್ದನೆಯ ಕುಂಚದಿಂದ ಹದವಾಗಿ ತೀಡುತ್ತಿದ್ದರು. ಎಳೆ ಒಂದಕ್ಕೊಂದು ಅಂಟದಂತೆ, ಬಿಸಿಲು ಏರುವ ಮೊದಲೇ ಒಣಗುವಂತೆ ಮಾಡುವ ಕೆಲಸ ಅದು. ಮಳೆ ಬಂದರೆ ಕೆಲಸವೇ ನಿಂತಿತು. ಕೊಳ್ಳಲು ಬಂದ ರೈತನ ಬಂಡಿ ಆ ಹಾಸಿನ ಬದಿಗೆ ಸರಿದು ಹೋಗಬೇಕಿತ್ತು. ಅರಿವೆ ಹೇಗಾಗುತ್ತದೆ ಎಂಬುದು ಕೊಳ್ಳುವವನ ಕಣ್ಣೆದುರೇ ಇತ್ತು.

ಕೊಳ್ಳುವ ಕಾಲವೂ ಗೊತ್ತುಪಡಿಸಿದ್ದು. ನಮ್ಮದು ಹಿಂಗಾರಿ ಸೀಮೆ. ಜೋಳ ಕೊಯ್ದು ರಾಶಿಯಾಗುವುದು ಶಿವರಾತ್ರಿಯ ಹೊತ್ತಿಗೆ, ಅದರ ಬೆನ್ನಿಗೇ ಮದುವೆಗಳು. ಆ ಮೂರು ನಾಲ್ಕು ತಿಂಗಳಲ್ಲಿ ನೇಕಾರನಿಗೆ ಬಿಡುವಿಲ್ಲ, ಮಳೆಗಾಲದಲ್ಲಿ ಕೆಲಸವಿಲ್ಲ, ದೀಪಾವಳಿಗೆ ಇನ್ನೊಂದು ಸಣ್ಣ ಹುರುಪು. ಬಡವರ ಮನೆಯ ಹೆಣ್ಣುಮಗಳಿಗೆ ಎರಡು ಸೀರೆ: ಒಂದು ಮೈಮೇಲೆ, ಒಂದು ಗಳದ ಮೇಲೆ. ವರ್ಷಕ್ಕೊಂದು ಹೊಸದು ಬಂದರೆ ಅದು ಒಳ್ಳೆಯ ವರ್ಷ.

ವ್ಯವಹಾರ ಹೀಗೆ. ಬಿಳಿ ಗಾದಿಯ ಮೇಲೆ ಸಾವಕಾರ, ಎದುರಿಗೆ ಮನೆಯ ಹಿರಿಯ. ಮದುವೆಯ ಬಸ್ತಾ ಕಟ್ಟುವುದಾದರೆ ಬೀಗರೂ ಜೊತೆಗೆ. ಮದುವಣಗಿತ್ತಿಗೆ, ಅವಳ ತಾಯಿಗೆ, ಅತ್ತೆಗೆ, ಸೋದರತ್ತೆಯರಿಗೆ, ಆಯೇರಿ ಮಾಡಬೇಕಾದ ಪ್ರತಿಯೊಬ್ಬರಿಗೂ ಸೀರೆ, ಖಣ, ಧೋತರ, ರುಮಾಲು ಲೆಕ್ಕ ಹಿಡಿದು ಕಟ್ಟಿಸುತ್ತಿದ್ದರು. ಅಳತೆ ಗಜದ ಕೋಲಿನಿಂದ ಇಲ್ಲವೇ ಮೊಳದಿಂದ. ಕೊಡುವವನ ಮೊಳ ಗಿಡ್ಡ, ಕೊಳ್ಳುವವನ ಮೊಳ ಉದ್ದ ಎಂಬ ಜಗಳ ಇದ್ದದ್ದೇ. ಅಂಗಡಿಗೆ ಬಾರದ ಹೆಂಗಸರ ಸಲುವಾಗಿ ಐದಾರು ಸೀರೆ ಜಾಕಡ ತಂದು ಮನೆಯಲ್ಲಿ ತೋರಿಸಿ, ಬೇಡದ್ದನ್ನು ತಿರುಗಿ ಒಯ್ಯುವುದೂ ಇತ್ತು. ಗಂಟು ಹೊತ್ತು ಊರೂರು ತಿರುಗುವವರು ಕಟ್ಟೆಯ ಮೇಲೆ ಬಿಚ್ಚಿಟ್ಟು ಮಾರುತ್ತಿದ್ದರು. ರೊಕ್ಕ ಕೊಟ್ಟೇ ಒಯ್ಯುವವರು ಕಡಿಮೆ. ರಾಣಿ ಛಾಪಿನ ಬೆಳ್ಳಿ ರೂಪಾಯಿ ಇದ್ದರೂ ಅದು ಕಂದಾಯಕ್ಕೆ, ಇಲ್ಲವೇ ಕೊರಳ ಸರಕ್ಕೆ. ಅರಿವೆ ಉದ್ರಿಯ ಮೇಲೆ ಹೋಗಿ, ರಾಶಿಯಾದ ಮೇಲೆ ಜೋಳವಾಗಿ ಸಾವಕಾರನ ಹಗೇವಿಗೆ ಬರುತ್ತಿತ್ತು.

ಈ ಉದ್ರಿಯನ್ನು ಹಗುರವಾಗಿ ನೋಡಬಾರದು. ಹಳ್ಳಿಯ ಕಡೆ ಬೀಜ, ಕಾಳು, ಅರಿವೆ, ಸಾಲ ಎಲ್ಲವೂ ಅನೇಕ ಸಲ ಒಬ್ಬನೇ ಸಾವಕಾರನ ಖಾತೆಯಲ್ಲಿ. ಮಗಳ ಮದುವೆಯ ಸೀರೆ ಬಡ್ಡಿ ಸೇರಿ ಹೊಲದ ಮೇಲೆ ಬರುತ್ತಿತ್ತು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗೆ ನುಗ್ಗಿ ಖಾತೆ, ಕರಾರು ಪತ್ರಗಳನ್ನು ಸುಟ್ಟದ್ದು ಇಂಥ ಲೆಕ್ಕಗಳ ಸಿಟ್ಟಿನಿಂದಲೇ. 1879ರಲ್ಲಿ ಸರ್ಕಾರ ತಂದ ದಖ್ಖನ್ ರೈತರ ಪರಿಹಾರ ಕಾಯ್ದೆ ಸೊಲ್ಲಾಪುರ ಜಿಲ್ಲೆಗೂ ಅನ್ವಯವಾಯಿತು. ಜವಳಿಯ ಚರಿತ್ರೆ ಬರೆಯುವವರು ಬಣ್ಣ, ದಡಿ, ಜರಿಯ ಬಗ್ಗೆ ಬರೆದು ಉದ್ರಿಯನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಮಾಂಚೆಸ್ಟರಿನ ಅಗ್ಗದ ಬಟ್ಟೆ ಬಂದು ನಮ್ಮ ನೇಕಾರರೆಲ್ಲ ನಾಶವಾದರು ಎಂದು ಶಾಲೆಯಲ್ಲಿ ಓದಿದ್ದೇವೆ. ಬಹಳ ಊರುಗಳಲ್ಲಿ ಅದು ನಿಜವೇ. ಸೊಲ್ಲಾಪುರದಲ್ಲಿ ಮಾತ್ರ ವಿಕ್ಟೋರಿಯಾ ಕಾಲದ ಕೊನೆಗೆ ಮಗ್ಗಗಳು ಸಾವಿರಾರು ಸಂಖ್ಯೆಯಲ್ಲಿ ನಡೆಯುತ್ತಲೇ ಇದ್ದವು, ಹೊಸ ನೇಕಾರರು ನಿಜಾಮನ ಸೀಮೆಯಿಂದ ಬಂದು ನೆಲೆಸುತ್ತಲೂ ಇದ್ದರು. ಕಾರಣ ಸೀರೆ. ಅದರಲ್ಲೂ ಸೀರೆಯ ದಡಿ ಮತ್ತು ಸೆರಗು.

ಗಂಡಸರ ಅರಿವೆ ಬೇಗ ಬದಲಾಯಿತು. ಬಿಳಿ ಧೋತರ, ಅಂಗಿಯ ಬಟ್ಟೆ, ಮಲಮಲ ಇವೆಲ್ಲ ಸಾದಾ, ಉದ್ದುದ್ದ ನೇಯಬಹುದಾದ ಮಾಲು. ವಿಲಾಯತಿ ಗಿರಣಿಗೆ, ಆಮೇಲೆ ಮುಂಬಯಿ ಗಿರಣಿಗೆ ಅದು ಸುಲಭ. ಸೀರೆ ಹಾಗಲ್ಲ. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಒಂದೊಂದಾಗಿ ಜೋಡಿಸಬೇಕು. ಅಂದರೆ ಪ್ರತಿ ಸೀರೆಗೂ ಅದರದೇ ಹಾಸು; ಒಂದು ಸೀರೆ ಮುಗಿದರೆ ಮತ್ತೆ ಮೊದಲಿನಿಂದ ಹೂಡಬೇಕು. ನೂರಾರು ಗಜ ಒಂದೇ ಸಮನೆ ಓಡಬೇಕಾದ ಗಿರಣಿಯ ಮಗ್ಗ ಇದನ್ನು ಮಾಡಿದರೆ ನಷ್ಟಕ್ಕೇ ಮಾಡಬೇಕು. ಸೊಲ್ಲಾಪುರದ ಸಾದಾ ಸೀರೆಯಲ್ಲೂ ದಡಿಯ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ, ಸೆರಗಿನಲ್ಲಿ ಹೊಕ್ಕಿನ ಬಣ್ಣವೇ ಬದಲು. ಅದರ ಮೇಲೆ ಈ ಊರಿನವರಿಗೆ ಈ ದಡಿ, ಆ ಮನೆತನದವರಿಗೆ ಆ ಬಣ್ಣ, ಸಂಕ್ರಾಂತಿಗೆ ಕಪ್ಪು ಚಂದ್ರಕಾಳಿ. ಐವತ್ತು ಬಗೆ ಬೇಡಿಕೆ, ಒಂದೊಂದು ಬಗೆಗೂ ಸ್ವಲ್ಪ ಸ್ವಲ್ಪವೇ ಮಾಲು. ದಡಿಯನ್ನು ಛಾಪು ಒತ್ತಿ ಅಗ್ಗಕ್ಕೆ ಮಾರಲು ನೋಡಿದವರೂ ಇದ್ದರು. ಬೆರಳಿನಿಂದ ದಡಿ ಮುಟ್ಟಿ, ಹಿಂದುಮುಂದು ಮಾಡಿ ನೋಡುವ ಹೆಂಗಸಿಗೆ ಒತ್ತಿದ್ದು ಯಾವುದು, ನೇಯ್ದದ್ದು ಯಾವುದು ಎಂದು ಯಾರೂ ಹೇಳಬೇಕಿರಲಿಲ್ಲ. ನೇಯ್ದ ದಡಿಯ ಸೀರೆಗೆ ನಾಲ್ಕಾಣೆ ಹೆಚ್ಚಾದರೂ ಅದೇ ಬೇಕು ಎಂದು ಹಟ ಹಿಡಿದವರು ಇವರು. ಗಾದಿಯ ಎದುರು ಕೂತು ಚೌಕಾಸಿ ಮಾಡಿದವನು ಗಂಡಸೇ ಇರಬಹುದು. ಮನೆಗೆ ಬಂದ ಸೀರೆಯನ್ನು ಬೇಡವೆಂದು ಸರಿಸುವ ಅಧಿಕಾರ ಮಾತ್ರ ಅವನದಾಗಿರಲಿಲ್ಲ. ನಮ್ಮ ಊರಿನ ಮಗ್ಗ ಉಳಿದದ್ದಕ್ಕೆ ದೊಡ್ಡ ಕಾರಣ ಈ ಕೊಳ್ಳುವ ಹೆಣ್ಣುಮಕ್ಕಳು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗೆಂದು ಆ ಮಗ್ಗ ಹಳೇ ಮಗ್ಗವಾಗಿ ಉಳಿಯಲಿಲ್ಲ. ಒಳಗಿನ ನೂಲು ಬದಲಾಗಿತ್ತು, ಬಣ್ಣ ಬದಲಾಗಿತ್ತು. 1860ರಲ್ಲಿ ಮುಂಬಯಿಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ಕಂಪನಿಯ ರೈಲು ಸೊಲ್ಲಾಪುರ ಮುಟ್ಟಿತು. ಮರುವರ್ಷವೇ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ಇಲ್ಲಿಯ ಹತ್ತಿಗೆ ಕಂಡುಕೇಳರಿಯದ ಬೆಲೆ ಬಂತು. ವಿಜಾಪುರದ ಕಡೆಯಿಂದ, ನಿಜಾಮನ ಸೀಮೆಯಿಂದ ಹತ್ತಿಯ ಬಂಡಿಗಳು ಸೊಲ್ಲಾಪುರದ ಸ್ಟೇಷನ್ನಿಗೆ ಬಂದು ಖಾಲಿಯಾಗುತ್ತಿದ್ದವು. ತಿರುಗಿ ಹೋಗುವ ಬಂಡಿ ಖಾಲಿ ಯಾಕೆ ಹೋದೀತು? ಸೀರೆಯ ಗಂಟು, ವಿಲಾಯತಿ ನೂಲು, ಸೂಜಿ, ಗುಂಡಿ ಹೇರಿಕೊಂಡು ಹೋಗುತ್ತಿತ್ತು. 1871ರಲ್ಲಿ ಹಳಿ ಕಲಬುರ್ಗಿ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ನಿಮ್ಮ ಊರಿಗೆ ಅಕ್ಕಲಕೋಟ ರೋಡ್ ಎಂಬ ಸ್ಟೇಷನ್ ಸಿಕ್ಕಿತು, ಊರಿಂದ ದೂರವೇ ಇದ್ದರೂ. 1880ರ ದಶಕದಲ್ಲಿ ಹೊಟಗಿಯಿಂದ ವಿಜಾಪುರ, ಬಾಗಲಕೋಟೆಯ ಮೇಲೆ ಗದಗಕ್ಕೆ ಇನ್ನೊಂದು ಹಳಿ ಬಿತ್ತು. ಅದರ ಮೇಲೆ ಗುಳೇದಗುಡ್ಡ ರೋಡ್ ಕೂಡ ಒಂದು ಸ್ಟೇಷನ್. ಅಲ್ಲಿಯವರೆಗೆ ಎತ್ತಿನ ಬೆನ್ನ ಮೇಲೆ ವಾರಗಟ್ಟಲೆ ನಡೆದು ಬರುತ್ತಿದ್ದ ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ಈ ಹಳಿ ಹಿಡಿದು ಸೊಲ್ಲಾಪುರದ ಅಂಗಡಿಗಳಿಗೆ ಬೇಗ ಬರತೊಡಗಿದವು.

ಮುಂಬಯಿಯ ಮೊರಾರಜಿ ಗೋಕುಲದಾಸರು 1874ರಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಕಂಪನಿ ಕಟ್ಟಿದರು. 1877ರಲ್ಲಿ ಕೆಲಸ ಶುರುವಾಯಿತು. ಊರವರ ಬಾಯಲ್ಲಿ ಅದು ಜುನೀ ಗಿರಣಿ. ಶತಮಾನ ಮುಗಿಯುವ ಹೊತ್ತಿಗೆ ನರಸಿಂಗಗಿರಜಿ, ಲಕ್ಷ್ಮೀ ಗಿರಣಿಗಳೂ ಎದ್ದವು. ಗಿರಣಿಯ ನೂಲನ್ನೇ ಊರಿನ ಕೈಮಗ್ಗಗಳು ಕೊಂಡು ಸೀರೆ ನೇಯ್ದವು. ಗಿರಣಿ ಮತ್ತು ಮಗ್ಗ ಒಂದೇ ಊರಲ್ಲಿ ಹೀಗೆ ಒಂದರ ಮೇಲೊಂದು ಆತುಕೊಂಡು ಬದುಕಿದ್ದನ್ನು ಡಗ್ಲಸ್ ಹೇನ್ಸ್ ಎಂಬ ಇತಿಹಾಸಕಾರರು ಪಶ್ಚಿಮ ಭಾರತದ ನೇಕಾರರ ಬಗ್ಗೆ ಬರೆದ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಬಣ್ಣದ ಕಥೆಯೂ ಹೀಗೇ. ಸುರಂಜಿಯ ಬೇರಿನ ಕೆಂಪು, ನೀಲಿಯ ಗುಡಾಣದ ನೀಲಿ ಇದ್ದ ಜಾಗಕ್ಕೆ ಜರ್ಮನಿಯ ಡಬ್ಬಿ ಬಣ್ಣಗಳು ಬಂದವು. (ಸೊಲ್ಲಾಪುರ ಎಂದರೆ ಚಾದರ ಎನ್ನುವವರಿಗೆ ಒಂದು ಮಾತು: ಆ ಹೆಸರು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ರಾಣಿ ಕಾಲದ ಸೊಲ್ಲಾಪುರ ಸೀರೆಯ ಊರು.)

ಜುನೀ ಗಿರಣಿ ಶುರುವಾದ ವರ್ಷವನ್ನು ಇನ್ನೊಮ್ಮೆ ನೋಡಿ. 1877. ಅದು 1876ರಿಂದ 78ರ ದೊಡ್ಡ ಬರದ ನಡುಮಧ್ಯ, ಆ ಬರದ ಏಟು ಮೊದಲಿಗೇ ಬಿದ್ದ ಜಿಲ್ಲೆಗಳಲ್ಲಿ ಸೊಲ್ಲಾಪುರವೂ ಒಂದು. ಬರ ಬಂದರೆ ಮನುಷ್ಯ ಮೊದಲು ಬಿಡುವುದು ಅರಿವೆ ಕೊಳ್ಳುವುದನ್ನು. ರೈತನ ಕಣಜದಲ್ಲಿ ಇನ್ನೂ ನಾಲ್ಕು ಸೇರು ಜೋಳ ಇರುವಾಗಲೇ ನೇಕಾರನ ಮನೆಯ ಒಲೆ ಆರಿರುತ್ತಿತ್ತು. ಮಣ್ಣು ಹೊರುವ ಪರಿಹಾರ ಕೆಲಸಕ್ಕೆ ಕುಣಿಯಲ್ಲಿ ಕೂತು ಕೂತು ಸೋತ ಕಾಲಿನ ನೇಕಾರ ಹೇಗೆ ಹೋದಾನು? ಇದು ಸರ್ಕಾರಕ್ಕೂ ನಿಧಾನವಾಗಿ ತಿಳಿಯಿತು. ಶತಮಾನದ ಕೊನೆಯ ಬರಗಳಲ್ಲಿ ಸೊಲ್ಲಾಪುರದ ನೇಕಾರರಿಗೆ ಅವರ ಕಸುಬಿನಲ್ಲೇ ಪರಿಹಾರ ಕೊಡುವ ಏರ್ಪಾಡಾಯಿತು. ನೂಲು ಕೊಟ್ಟು, ಕೂಲಿ ಕೊಟ್ಟು, ನೇಯ್ದದ್ದನ್ನು ತೆಗೆದುಕೊಳ್ಳುವುದು. ಆ ಕಾಲದ ಆಡಳಿತದಲ್ಲಿ ಮೆಚ್ಚುವಂಥದ್ದು ಕಡಿಮೆ, ಇದು ಅಂಥ ಒಂದು.

ಇನ್ನು ಹೊಲಿಗೆ. ಹೊಲಿಗೆ ಕಸುಬಿನವರು ನಮ್ಮ ಸೀಮೆಯಲ್ಲಿ ಎರಡು ಭಕ್ತಿ ಪರಂಪರೆಗಳಿಗೆ ಸೇರಿದವರು. ಪಂಢರಪುರದ ನಾಮದೇವರನ್ನು ತಮ್ಮವರೆಂದು ಹೇಳಿಕೊಳ್ಳುವ ಶಿಂಪಿಗಳು ಒಂದು ಕಡೆ, ಶರಣರ ಹಾದಿಯ ಶಿವಸಿಂಪಿಗಳು ಇನ್ನೊಂದು ಕಡೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೇ ಇದ್ದಾರೆ. ಗಂಡಸರ ಅಂಗಿ, ಬಾರಾಬಂದಿ, ಟೋಪಿ ಇವರ ಕೆಲಸ. ಬಾರಾಬಂದಿ ಹೇಗಿತ್ತು ಎಂದು ಪುಸ್ತಕ ಹುಡುಕಬೇಕಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯಲ್ಲಿ ನಂದಿಕೋಲು ಹೊರುವವರು ಉಡುವ ಬಿಳಿ ಅಂಗಿ ಅದೇ. ಗುಂಡಿ ಇಲ್ಲ, ಕಾಜ ಇಲ್ಲ. ಎದೆಯ ಮೇಲೆ ಒಂದು ಪದರದ ಮೇಲೆ ಇನ್ನೊಂದು ಪದರ ತಂದು ಕಸೆ ಕಟ್ಟುವುದು. ಯಂತ್ರ ಬರುವ ಮುಂಚಿನ ಹೊಲಿಗೆಯ ತರ್ಕ ಅದರಲ್ಲಿ ಕಾಣುತ್ತದೆ. ಮೈಗೆ ಅಂಟುವಂತೆ ಕತ್ತರಿಸುವುದಿಲ್ಲ, ಸಡಿಲ ಬಿಟ್ಟು ಕಟ್ಟಿಕೊಳ್ಳುತ್ತಾರೆ. ಹಾಗಾಗಿ ಅಪ್ಪನದು ಮಗನಿಗೆ ಆಗುತ್ತದೆ.

ಹೆಂಗಸರ ಕುಬಸ ಬಹಳ ಮನೆಗಳಲ್ಲಿ ಸಿಂಪಿಗನ ಕೈಗೂ ಹೋಗುತ್ತಿರಲಿಲ್ಲ. ಖಣವನ್ನು ಒಮ್ಮೆ ಬಿಡಿಸಿ ನೋಡಿ, ನೇಕಾರ ಕುಬಸವನ್ನು ಮನಸ್ಸಿನಲ್ಲಿ ಹೊಲಿದೇ ನೇಯ್ದಿರುತ್ತಾನೆ. ಎರಡೂ ಬದಿಗೆ ದಡಿ ಇರುತ್ತದೆ, ಕತ್ತರಿಸಿದಾಗ ಅವು ತಾವಾಗಿ ಎರಡು ತೋಳಿನ ಅಂಚಿಗೆ ಬರುತ್ತವೆ. ಅಂಚು ಮಡಚಿ ಹೊಲಿಯುವ ಕೆಲಸ ತಪ್ಪಿತು, ಚೂರು ವ್ಯರ್ಥವಾಗುವುದು ತಪ್ಪಿತು. ಎದೆಯ ಕೆಳಗೆ ಗಂಟು, ಗುಂಡಿ ಬೇಡ. ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ಕೂತ ಅತ್ತೆ ಸೊಸೆಯರು ಕೈಹೊಲಿಗೆಯಲ್ಲೇ ಮುಗಿಸುತ್ತಿದ್ದರು. ಚೊಚ್ಚಿಲ ಬಸುರಿಗೆ ಕುಬಸ ಮಾಡುವ ಕಾರ್ಯ, ಬಂದ ಮುತ್ತೈದೆಗೆ ಉಡಿ ತುಂಬಿ ಕೊಡುವ ಖಣ, ಇದೆಲ್ಲ ಸೇರಿ ಮನೆಯ ಪೆಟ್ಟಿಗೆಯಲ್ಲಿ ಹೊಲಿಯದ ಖಣಗಳ ಒಟ್ಟಿಲೇ ಇರುತ್ತಿತ್ತು. ಆದರೆ ಅವರ ಕೈಯ ಸೂಜಿ ಮಾತ್ರ ವಿಲಾಯತಿಯದೇ. ಆಗ ಜಗತ್ತಿನ ಬಹುಪಾಲು ಸೂಜಿಗಳು ತಯಾರಾಗುತ್ತಿದ್ದುದು ಇಂಗ್ಲೆಂಡಿನ ರೆಡಿಚ್ ಎಂಬ ಒಂದು ಸಣ್ಣ ಊರಿನಲ್ಲಿ.

ಇಂಥ ಕಡೆಗೆ ಸಿಂಗರ್ ಮಷಿನ್ ಬಂತು. ಕಂಪನಿ 1870ರ ದಶಕದಲ್ಲಿ ಹಿಂದುಸ್ಥಾನದಲ್ಲಿ ವ್ಯಾಪಾರ ಶುರುಮಾಡಿತು. ಮುಂಬಯಿಯ ಪಾರ್ಸಿ ವ್ಯವಹಾರಸ್ಥ ಎನ್. ಎಂ. ಪಟೇಲ್ ಅದರ ಏಜೆಂಟರಾಗಿ ಈ ಇಡೀ ದೇಶದ ಜೊತೆ ಬರ್ಮಾ, ಸಿಂಹಳದ ವ್ಯಾಪಾರವನ್ನೂ ದಶಕಗಳ ಕಾಲ ನೋಡಿಕೊಂಡರು. ಇಲ್ಲಿಗೆ ಬಂದ ಮಷಿನ್ನುಗಳಲ್ಲಿ ಬಹಳಷ್ಟು ಸ್ಕಾಟ್ಲೆಂಡಿನವು. 1885ರಲ್ಲಿ ಗ್ಲಾಸ್ಗೋ ಹತ್ತಿರ ಕ್ಲೈಡ್‌ಬ್ಯಾಂಕಿನಲ್ಲಿ ತೆರೆದ ಕಾರ್ಖಾನೆ ಯುರೋಪಿನಲ್ಲೇ ದೊಡ್ಡದು. ಅದಕ್ಕೆ ಬೇಕಾದ ರೀಲು ದಾರ ತಯಾರಾಗುತ್ತಿದ್ದ ಪೇಸ್ಲಿ ಪಟ್ಟಣವೂ ಅಲ್ಲೇ ಸಮೀಪ. ಜರ್ಮನಿಯ ಫಾಫ್ ಮಷಿನ್ನುಗಳೂ ಆಮೇಲೆ ಬಂದವು.

ಯಾರ ಹತ್ತಿರ ರೊಕ್ಕ ಇತ್ತು ಎಂದು ಕೇಳಿದ್ದೀರಿ. ನಗದು ಕೊಡುವ ತಾಕತ್ತು ಬಹಳ ಕಡಿಮೆ ಜನಕ್ಕೆ. ಒಂದು ಮಷಿನ್ನಿನ ಬೆಲೆ ಎಂದರೆ ಒಬ್ಬ ನೇಕಾರನ ಹಲವು ತಿಂಗಳ ಗಳಿಕೆ. ಸಂಸ್ಥಾನದ ಅರಮನೆ, ಇನಾಮದಾರರು, ವಕೀಲರು, ದೊಡ್ಡ ಸಾವಕಾರರ ಮನೆಗಳು ಅಷ್ಟೇ ಕೊಳ್ಳಬಲ್ಲವು. ಆದರೂ ಮಷಿನ್ ಸಿಂಪಿಗರ ಕಟ್ಟೆಗೆ ತಲುಪಿದ್ದು ಕಂತಿನ ಮೇಲೆ. ಮುಂಗಡ ಸ್ವಲ್ಪ ಕೊಟ್ಟು, ತಿಂಗಳು ತಿಂಗಳು ಕಟ್ಟುವ ಪದ್ಧತಿಯನ್ನು ಸಿಂಗರ್ ಅಮೆರಿಕದಲ್ಲಿ 1856ರ ಹೊತ್ತಿಗೇ ತಂದಿತ್ತು, ಇಲ್ಲೂ ಅದನ್ನೇ ನಡೆಸಿತು. ಸಾವಕಾರನ ಉದ್ರಿಗೂ ಇದಕ್ಕೂ ಒಂದು ದೊಡ್ಡ ಫರಕು ಗಮನಿಸಿ. ಉದ್ರಿಯ ಸೀರೆ ಉಟ್ಟು ಸವೆಯುತ್ತದೆ, ಸಾಲ ಉಳಿಯುತ್ತದೆ. ಕಂತಿನ ಮಷಿನ್ ದುಡಿದು ತನ್ನ ಕಂತನ್ನು ತಾನೇ ತೀರಿಸುತ್ತದೆ. ಕೈಯಲ್ಲಿ ದಿನಕ್ಕೊಂದು ಅಂಗಿ ಮುಗಿಸುತ್ತಿದ್ದವನು ಮಷಿನ್ನಿನಲ್ಲಿ ಅದರ ಕೆಲವು ಪಟ್ಟು ಹೊಲಿಯಬಲ್ಲವನಾದ.

ಯಂತ್ರದ ಮೊದಮೊದಲ ಕೆಲಸಗಳಲ್ಲಿ ಸಮವಸ್ತ್ರವೂ ಒಂದು. ಪ್ಯಾರಿಸ್ಸಿನಲ್ಲಿ ತಿಮೋನಿಯೇ ಎಂಬ ದರ್ಜಿಯ ಯಂತ್ರಗಳು 1830ರ ಸುಮಾರಿಗೆ ಫ್ರೆಂಚ್ ಸೈನ್ಯದ ಉಡುಪು ಹೊಲಿಯುತ್ತಿದ್ದವು, ಹೊಟ್ಟೆಪಾಡಿಗೆ ಹೆದರಿದ ಉಳಿದ ದರ್ಜಿಗಳು ನುಗ್ಗಿ ಅವನ್ನು ಒಡೆದುಹಾಕಿದರು. ಸೊಲ್ಲಾಪುರದಲ್ಲೂ ಆಗ ಸೈನ್ಯದ ಛಾವಣಿ ಇತ್ತು. ಪೊಲೀಸು, ರೈಲ್ವೆ, ಕಚೇರಿ ಎಲ್ಲಕ್ಕೂ ಒಂದೇ ಬಗೆಯ, ಗುಂಡಿ ಹಾಕಿದ ಕೋಟು ಬೇಕು. ಶಾಲೆ ಕಲಿತು ಕಾರಕೂನನಾದ ಹುಡುಗನಿಗೂ ಕೋಟು ಬೇಕು. ಹೀಗೆ ಮಷಿನ್ ಗಂಡಸಿನ ಮೈಯ ಮೂಲಕ ನಮ್ಮ ಪೇಟೆಗೆ ಕಾಲಿಟ್ಟಿತು. ಜವಳಿ ಅಂಗಡಿಯ ಕಟ್ಟೆಯ ಮೇಲೆ ಸಿಂಪಿಗ ಮಷಿನ್ ಇಟ್ಟುಕೊಂಡು ಕೂರುವುದು, ಒಳಗೆ ಬಟ್ಟೆ ಹರಿಸಿದವರು ಹೊರಗೆ ಬಂದು ಅಳತೆ ಕೊಟ್ಟು ಹೋಗುವುದು, ಸಂಜೆಗೋ ಮುಂದಿನ ಸಂತೆಗೋ ಒಯ್ಯುವುದು. ಈ ನೋಟ ಚಿಕ್ಕ ಊರುಗಳ ಪೇಟೆಯಲ್ಲಿ ಇಂದಿಗೂ ಪೂರ್ತಿ ಮರೆಯಾಗಿಲ್ಲ.

ಹೆಂಗಸರ ಖಣದ ಕುಬಸ ಮಷಿನ್ನಿಗೆ ಸಿಕ್ಕಿದ್ದು ತೀರ ತಡವಾಗಿ, ರಾಣಿ ತೀರಿಕೊಂಡು ದಶಕಗಳಾದ ಮೇಲೆ. ತೋಳಿಗೆ ನೆರಿಗೆ, ಮುಂದೆ ಹುಕ್ಕು, ಒಳಗೆ ಅಸ್ತರು ಇರುವ ಬ್ಲೌಸು ಬಂದಾಗ ಕೈಹೊಲಿಗೆ ಸಾಲದಾಯಿತು. ಆಗ ಹುಡುಗಿಯರು ಹೊಲಿಗೆ ಕ್ಲಾಸಿಗೆ ಹೋಗತೊಡಗಿದರು, ಮಷಿನ್ ಮದುವೆಯ ಉಡುಗೊರೆಯಾಯಿತು. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿ ಬರೆದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಯಂತ್ರವೊಂದನ್ನು ತಮ್ಮ ಟೀಕೆಯಿಂದ ಹೊರಗಿಟ್ಟರು. 1930ರ ದಶಕದಲ್ಲಿ ಕಲಕತ್ತೆಯ ಉಷಾ ಮಷಿನ್ ಬಂತು. ನಮ್ಮ ಅನೇಕ ಮನೆಗಳಲ್ಲಿ ರಾಣಿ ಕಾಲದ್ದು ಎಂದು ಹೇಳಿಕೊಳ್ಳುವ ಮಷಿನ್ನುಗಳು ಈ ಎರಡನೆಯ ಅಲೆಯಲ್ಲಿ ಬಂದವು.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆ ಅಷ್ಟು ಹಳೆಯದಾದರೆ ಅಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಖಾತೆ ಕೀರ್ದಿಗಳು ಇರುವ ಸಂಭವ ಹೆಚ್ಚು, ಮೋಡಿ ಲಿಪಿಯಲ್ಲೋ ಕನ್ನಡದಲ್ಲೋ ಬರೆದವು. ಅವನ್ನು ರದ್ದಿಗೆ ಹಾಕಬೇಡಿ. ಮೊದಲು ಮದುವೆಯ ವರ್ಷಗಳನ್ನು ಹುಡುಕಿ. ಬಸ್ತಾದ ಲೆಕ್ಕ ಅಲ್ಲಿ ಸೀರೆಗೊಂದು ಸಾಲಿನಂತೆ ಇರುತ್ತದೆ, ಬೆಲೆ ರೂಪಾಯಿ ಆಣೆ ಪೈಗಳಲ್ಲಿ. ಆಮೇಲೆ ಹೊಲಿಗೆಯ ಕೂಲಿ ಎಂದು ಬೇರೆಯಾಗಿ ಬರೆದದ್ದು ಯಾವ ವರ್ಷದಿಂದ ಶುರುವಾಗುತ್ತದೆ, ಅದು ಯಾರ ಅಂಗಿಗೆ, ಯಾರ ಕುಬಸಕ್ಕೆ ಎಂದು ನೋಡಿ. ಮಷಿನ್ನಿನ ಕಂತು ಕಟ್ಟಿದ್ದರೆ ತಿಂಗಳು ತಿಂಗಳು ಒಂದೇ ಮೊತ್ತ ಮತ್ತೆ ಮತ್ತೆ ಬಂದಿರುತ್ತದೆ. ಮೋಡಿ ಓದಬಲ್ಲ ಹಿರಿಯರು ಸೊಲ್ಲಾಪುರದಲ್ಲಿ ಇನ್ನೂ ಇದ್ದಾರೆ, ಅವರ ಹತ್ತಿರ ಒಯ್ಯುವ ಮೊದಲು ಹಾಳೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಮಷಿನ್ನಿನ ನಂಬರಿನ ಜೊತೆ ಆ ಹಾಳೆಗಳ ಪ್ರತಿಯನ್ನೂ ಕಳಿಸಿದರೆ, ಕಂತು ಯಾವ ವರ್ಷ ಶುರುವಾಯಿತು ಎಂಬುದನ್ನು ನಂಬರಿನೊಂದಿಗೆ ತಾಳೆ ನೋಡಿ ಮುಂದಿನ ಸಂಚಿಕೆಯೊಂದರಲ್ಲಿ ಬರೆಯುತ್ತೇನೆ.